ಅಸೋ ಜ್ವಾಲಾಮುಖಿಯ ಮಡಿಲಿನ ತಕಮೊರಿಗೆ ರೈತ ತಂದೆ-ತಾಯಿಯನ್ನು ಕರೆದೊಯ್ಯುವುದಾದರೆ

ಪ್ರಶ್ನೆ: ನಾನು ಜಪಾನಿನ ಫುಕುಓಕಾದಲ್ಲಿ ನೌಕರಿಯಲ್ಲಿದ್ದೇನೆ. ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ ಒಕ್ಕಲುತನ ಮಾಡಿಕೊಂಡಿರುವ ನನ್ನ ತಂದೆ-ತಾಯಿ ಹಿಂಗಾರಿ ಬಿತ್ತನೆ ಮುಗಿಸಿಕೊಂಡು ನವೆಂಬರ್ ಮೊದಲ ವಾರದಲ್ಲಿ ಇಲ್ಲಿಗೆ ಬರುತ್ತಿದ್ದಾರೆ. ಊರು ಬಿಟ್ಟು ಇಷ್ಟು ದೂರ ಬರುವುದು ಅವರಿಗೆ ಇದೇ ಮೊದಲು. ಅಸೋ ಜ್ವಾಲಾಮುಖಿಯ ಕಣಿವೆಯಲ್ಲಿ ಬೇಸಾಯದ ಊರುಗಳಿವೆ ಎಂದು ಕೇಳಿದ್ದೇನೆ. ತಂದೆಗೆ ಉಬ್ಬಸವಿದೆ, ತಾಯಿಗೆ ಮೊಣಕಾಲು ನೋವು. ಇಬ್ಬರೂ ಮೀನು, ಮೊಟ್ಟೆ ಏನನ್ನೂ ಮುಟ್ಟುವುದಿಲ್ಲ. ಒಂದು ದಿನದ ಬಸ್ ಪ್ರವಾಸ ಸಾಕೆ, ಅಥವಾ ಅಲ್ಲಿಯೇ ಉಳಿಯಬೇಕೆ? ಅಪಾಯವಿದೆಯೆ? ತಂದೆಗೆ ಹೊಲ-ಮನೆ ನೋಡುವ ಆಸೆ, ಅದು ಸಾಧ್ಯವೆ?

ಉತ್ತರ: ಒಂದು ದಿನದ ಬಸ್ ಪ್ರವಾಸವನ್ನು ಕೈಬಿಡಿ ಎಂದೇ ನನ್ನ ಸಲಹೆ. ಅಂಥ ಪ್ರವಾಸಗಳು ಸಾಮಾನ್ಯವಾಗಿ ನಕದಾಕೆ ಎಂಬ ಜೀವಂತ ಕುಳಿಯ ಅಂಚನ್ನೇ ಗುರಿಯಾಗಿ ಇಟ್ಟುಕೊಂಡಿರುತ್ತವೆ. ಇಡೀ ಅಸೋದಲ್ಲಿ ನಿಮ್ಮ ತಂದೆಯವರು ಕಾಲಿಡಲೇಬಾರದ ಜಾಗವೆಂದರೆ ಅದು. ಅದರ ಬದಲು ದಕ್ಷಿಣ ಕಣಿವೆಯ ಕೊನೆಯಲ್ಲಿರುವ ತಕಮೊರಿ ಎಂಬ ಸಣ್ಣ ಊರಿನಲ್ಲಿ ಎರಡು ರಾತ್ರಿ ಉಳಿಯಿರಿ. ಅಲ್ಲಿನ ಮಣ್ಣು, ನೀರು ಮತ್ತು ಹುಲ್ಲುಗಾವಲನ್ನು ಅವಸರವಿಲ್ಲದೆ ತೋರಿಸಿ. ಜ್ವಾಲಾಮುಖಿ ಆ ಜನರಿಗೆ ಏನನ್ನು ಕೊಟ್ಟಿದೆ, ಏನನ್ನು ಕೊಡದೆ ಸತಾಯಿಸಿದೆ ಎಂಬುದು ಹೊಲದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಕುಳಿಯ ಅಂಚಿನಲ್ಲಿ ಕಾಣುವುದಿಲ್ಲ. ಜೀವಮಾನವೆಲ್ಲ ಎರೆ ಹೊಲದಲ್ಲಿ ದುಡಿದವರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವೂ ಬೀಳದು.

ಮೊದಲು ಆ ನೆಲದ ರಚನೆಯನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭವಾಗುತ್ತದೆ. ಕ್ಯೂಶೂ ದ್ವೀಪದ ಕುಮಾಮೊತೊ ಪ್ರಾಂತ್ಯದಲ್ಲಿರುವ ಅಸೋ ಒಂಟಿ ಬೆಟ್ಟವಲ್ಲ. ಸುಮಾರು 2,70,000 ವರ್ಷಗಳ ಹಿಂದಿನಿಂದ ಸುಮಾರು 90,000 ವರ್ಷಗಳ ಹಿಂದಿನವರೆಗಿನ ಅವಧಿಯಲ್ಲಿ ನಾಲ್ಕು ಮಹಾಸ್ಫೋಟಗಳಾಗಿ, ಒಳಗಿನ ಶಿಲಾಪಾಕವೆಲ್ಲ ಹೊರಚೆಲ್ಲಿ, ಮೇಲಿನ ನೆಲ ಕುಸಿದು ಬೋಗುಣಿಯಂತಹ ಮಹಾಕುಳಿಯೊಂದು ಉಂಟಾಯಿತು. ಉತ್ತರ-ದಕ್ಷಿಣವಾಗಿ ಅದು ಸುಮಾರು 25 ಕಿಲೋಮೀಟರ್, ಪೂರ್ವ-ಪಶ್ಚಿಮವಾಗಿ ಸುಮಾರು 18 ಕಿಲೋಮೀಟರ್ ಹರಡಿದೆ. ಅದರ ಒಳಗೆ ಊರುಗಳು, ಗದ್ದೆಗಳು, ಶಾಲೆಗಳು, ರೈಲು ಹಳಿಗಳು ಇವೆ. ಸುಮಾರು 50,000 ಜನ ವಾಸವಾಗಿದ್ದಾರೆ. ನಟ್ಟನಡುವೆ ಆಮೇಲೆ ಎದ್ದ ಐದು ಶಿಖರಗಳಿವೆ. ಅವುಗಳಲ್ಲಿ 1,592 ಮೀಟರಿನ ತಕಾದಾಕೆ ಎಲ್ಲಕ್ಕಿಂತ ಎತ್ತರದ್ದು. ಈಗಲೂ ಹೊಗೆಯಾಡುತ್ತಿರುವುದು ನಕದಾಕೆ ಮಾತ್ರ. ಈ ಶಿಖರಗಳ ಸಾಲು ಬೋಗುಣಿಯನ್ನು ಎರಡು ಪಾಲು ಮಾಡುತ್ತದೆ: ಉತ್ತರಕ್ಕೆ ಅಸೋ ಕಣಿವೆ, ದಕ್ಷಿಣಕ್ಕೆ ನಾನ್ಗೊ ಕಣಿವೆ. ಉತ್ತರದ ಕುರೊಕಾವಾ, ದಕ್ಷಿಣದ ಶಿರಕಾವಾ ನದಿಗಳು ಪಶ್ಚಿಮದಲ್ಲಿ ತಾತೆನೊ ಎಂಬಲ್ಲಿ ಕೂಡಿ, ಬೋಗುಣಿಯ ಅಂಚು ಒಡೆದಿರುವ ಒಂದೇ ಒಂದು ಸಂದಿನಿಂದ ಹೊರಗೆ ಹರಿಯುತ್ತವೆ. ಒಂದು ಕಾಲಕ್ಕೆ ಒಳಗೆಲ್ಲ ಕೆರೆಯಾಗಿ ನಿಂತಿದ್ದ ನೀರು ಬರಿದಾದದ್ದೂ ಇದೇ ಸಂದಿನಿಂದ. ತಕೆಇವತತ್ಸು ಎಂಬ ದೇವರು ಅಂಚನ್ನು ಕಾಲಿನಿಂದ ಒದ್ದು ಕೆರೆಯನ್ನು ಬಸಿದು ಜನರಿಗೆ ಗದ್ದೆ ಮಾಡಿಕೊಟ್ಟನೆಂದು ಅಲ್ಲಿಯವರು ಹೇಳುತ್ತಾರೆ. ಉತ್ತರ ಕಣಿವೆಯ ಅಸೋ ದೇಗುಲದಲ್ಲಿ ಇಂದಿಗೂ ಪೂಜೆ ನಡೆಯುವುದು ಅವನಿಗೇ.

ಅಪಾಯದ ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನಕದಾಕೆ ಕುಳಿ ಸಲ್ಫರ್ ಡೈಆಕ್ಸೈಡ್ ಅನಿಲವನ್ನು ಬಿಡುತ್ತಲೇ ಇರುತ್ತದೆ. ಆರೋಗ್ಯವಂತರಿಗೆ ಕಣ್ಣುರಿ, ಕೆಮ್ಮು ಬರಿಸುವಷ್ಟು ಪ್ರಮಾಣ ಉಬ್ಬಸದವರ ಶ್ವಾಸನಾಳವನ್ನು ಕೆಲವೇ ನಿಮಿಷಗಳಲ್ಲಿ ಬಿಗಿಯಬಲ್ಲದು. 1989ರಿಂದ 1997ರವರೆಗಿನ ಅವಧಿಯಲ್ಲಿ ಅಲ್ಲಿ ಏಳು ಪ್ರವಾಸಿಗರು ಈ ಅನಿಲದಿಂದ ಸತ್ತಿದ್ದಾರೆ. ಅವರಲ್ಲಿ ಉಬ್ಬಸವಿದ್ದವರೂ ಇದ್ದರು. ಆ ಬಳಿಕ ಅನಿಲವನ್ನು ಸತತವಾಗಿ ಅಳೆಯುವ, ಪ್ರಮಾಣ ಏರಿದ ಕೂಡಲೇ ಜನರನ್ನು ಹಿಂದಕ್ಕೆ ಕಳಿಸುವ ಏರ್ಪಾಡು ಬಲವಾಗಿದೆ. ಉಬ್ಬಸ, ಶ್ವಾಸಕೋಶದ ಕಾಯಿಲೆ, ಹೃದ್ರೋಗ ಇರುವವರು ಕುಳಿಯತ್ತ ಬರಬಾರದೆಂಬ ಸೂಚನೆಯೂ ಅಲ್ಲಿದೆ. ‘ಇಂದು ಅನಿಲ ಕಡಿಮೆ, ದಾರಿ ತೆರೆದಿದೆ’ ಎಂದು ಯಾರಾದರೂ ಹೇಳಿದರೂ ಅದು ನಿಮ್ಮ ತಂದೆಯವರಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಗಾಳಿ ತಿರುಗಲು ಐದು ನಿಮಿಷ ಸಾಕು. ತಾಯಿಯವರಾಗಲಿ ನೀವಾಗಲಿ ಹೋಗಿ ಬರುವುದಾದರೆ ತಂದೆಯವರನ್ನು ಕಣಿವೆಯಲ್ಲಿಯೇ ಬಿಟ್ಟು ಹೋಗಿ. ಅರ್ಧದಾರಿಯವರೆಗೆ ಕರೆದೊಯ್ದು ವಾಹನದಲ್ಲಿ ಕೂರಿಸುವುದೂ ಬೇಡ.

ಊರಿನ ಮಾತು ಬೇರೆ. ತಕಮೊರಿ ಕುಳಿಯಿಂದ ಏಳೆಂಟು ಕಿಲೋಮೀಟರ್ ದೂರದಲ್ಲಿದೆ. ಜಪಾನಿನ ಹವಾಮಾನ ಇಲಾಖೆ ಜ್ವಾಲಾಮುಖಿಗಳಿಗೆ ಒಂದರಿಂದ ಐದರವರೆಗೆ ಎಚ್ಚರಿಕೆಯ ಹಂತಗಳನ್ನು ನಿಗದಿ ಮಾಡಿದೆ. ಎರಡನೆಯ ಹಂತದಲ್ಲಿ ಕುಳಿಯ ಸುತ್ತ ಸುಮಾರು ಒಂದು ಕಿಲೋಮೀಟರ್, ಮೂರನೆಯದರಲ್ಲಿ ಸುಮಾರು ಎರಡು ಕಿಲೋಮೀಟರ್ ಮುಚ್ಚುತ್ತಾರೆ. 2021ರ ಅಕ್ಟೋಬರ್ 20ರಂದು ನಕದಾಕೆ ಸ್ಫೋಟಿಸಿದಾಗಲೂ ಏರಿಸಿದ್ದು ಮೂರನೆಯ ಹಂತಕ್ಕೆ. ಊರಿಗೆ ತಟ್ಟುವುದು ಹೆಚ್ಚಾಗಿ ಬೂದಿ. ಬೂದಿ ಬೀಳುವ ದಿನವಿದ್ದರೆ ಕಿಟಕಿ ಮುಚ್ಚಿಕೊಂಡು ಒಳಗಿರಿ, ಹೊರಗೆ ಹೋಗಲೇಬೇಕಾದರೆ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಹಾಕಿಸಿ, ಕಾರಿನ ಗಾಜಿನ ಮೇಲಿನ ಬೂದಿಯನ್ನು ಒಣದಾಗಿ ಒರೆಸದೆ ನೀರು ಸುರಿದು ತೊಳೆಯಿರಿ. ತಂದೆಯವರ ಇನ್‌ಹೇಲರ್ ಚೀಲದಲ್ಲಿ ಅಲ್ಲ, ಜೇಬಿನಲ್ಲಿ ಇರಲಿ. ಹೊರಡುವ ಹಿಂದಿನ ಸಂಜೆ ಮತ್ತು ಅಂದು ಬೆಳಿಗ್ಗೆ ಎಚ್ಚರಿಕೆಯ ಹಂತವನ್ನು ಒಮ್ಮೆ ನೋಡಿಕೊಂಡರೆ ಈ ವಿಷಯ ಅಲ್ಲಿಗೆ ಮುಗಿಯಿತು.

ದಾರಿ ಹೀಗಿದೆ. ಫುಕುಓಕಾದ ಹಕಾತಾ ನಿಲ್ದಾಣದಿಂದ ಶಿಂಕಾನ್ಸೆನ್ ಎಂಬ ಅತಿವೇಗದ ರೈಲಿನಲ್ಲಿ ಕುಮಾಮೊತೊ ಮುಕ್ಕಾಲು ಗಂಟೆಯೊಳಗಿನ ಪ್ರಯಾಣ. ಅಲ್ಲಿಂದ ಹೋಹಿ ಮಾರ್ಗದ ರೈಲಿನಲ್ಲಿ ತಾತೆನೊ. ತಾತೆನೊದಿಂದ ಮಿನಾಮಿ ಅಸೋ ರೈಲ್ವೆಯ ಪುಟ್ಟ ರೈಲು 17.7 ಕಿಲೋಮೀಟರ್ ಸಾಗಿ ತಕಮೊರಿಯಲ್ಲಿ ಕೊನೆಗೊಳ್ಳುತ್ತದೆ. ರೈಲುಗಳು ವಿರಳ, ಆದ್ದರಿಂದ ವೇಳಾಪಟ್ಟಿ ನೋಡಿಯೇ ಹೊರಡಿ. ಜಪಾನಿನ ಚಾಲನಾ ಪರವಾನಗಿ ನಿಮ್ಮಲ್ಲಿದ್ದರೆ ಬಾಡಿಗೆ ಕಾರು ಅನುಕೂಲವೇ ಸರಿ. ಆದರೂ ಕಣಿವೆಯನ್ನು ಒಮ್ಮೆಯಾದರೂ ರೈಲಿನಲ್ಲಿ ದಾಟಿಸಿ. 2016ರ ಏಪ್ರಿಲ್ 14 ಮತ್ತು 16ರ ಭೂಕಂಪಗಳಲ್ಲಿ ಈ ಹಳಿ, ಸುರಂಗ, ಸೇತುವೆಗಳು ಜಖಂಗೊಂಡಿದ್ದವು. ತಾತೆನೊ ಬಳಿಯ ಹೆದ್ದಾರಿಯ ದೊಡ್ಡ ಅಸೋ ಸೇತುವೆಯಂತೂ ಗುಡ್ಡ ಜರಿದು ಕೊಚ್ಚಿಹೋಯಿತು. ಹೊಸ ಸೇತುವೆ 2021ರ ಮಾರ್ಚ್‌ನಲ್ಲಿ ತೆರೆಯಿತು; ಪುಟ್ಟ ರೈಲು ಪೂರ್ತಿ ದಾರಿಯಲ್ಲಿ ಮತ್ತೆ ಓಡಿದ್ದು 2023ರ ಜುಲೈ 15ರಂದು, ಅಂದರೆ ಏಳು ವರ್ಷ ಕಳೆದ ಮೇಲೆ. ಶಾಲೆಯ ಮಕ್ಕಳು ಮತ್ತು ಮುದುಕರೇ ಹೆಚ್ಚಾಗಿ ಹತ್ತುವ ಇಷ್ಟು ಚಿಕ್ಕ ಮಾರ್ಗವನ್ನು ಕೈಬಿಡದೆ ಕಟ್ಟಿ ನಿಲ್ಲಿಸಿದ್ದು ನನಗೆ ಬಹಳ ದೊಡ್ಡ ಕೆಲಸವಾಗಿ ಕಾಣುತ್ತದೆ. ವಾರಾಂತ್ಯವಾದರೆ ಬದಿ ತೆರೆದ ಟ್ರಾಲಿ ರೈಲೂ ಇರುತ್ತದೆ, ಅದು ಮಾರ್ಚ್‌ನಿಂದ ನವೆಂಬರ್‌ವರೆಗೆ ಓಡುತ್ತದೆ. ನವೆಂಬರಿನ ತಂಪುಗಾಳಿ ತಂದೆಯವರ ಎದೆಗೆ ಒಗ್ಗುವುದೋ ಇಲ್ಲವೋ ನೋಡಿ ತೀರ್ಮಾನಿಸಿ.

ಈಗ ಮಣ್ಣಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ತಂದೆಯವರು ಮೊದಲು ಬಗ್ಗಿ ಮುಟ್ಟುವುದು ಅದನ್ನೇ. ಅಸೋದ ಇಳಿಜಾರಿನ ಹೊಲಗಳ ಮಣ್ಣು ಕಪ್ಪು, ಕುರೊಬೊಕು ಎನ್ನುತ್ತಾರೆ. ದೂರದಿಂದ ಅದು ಬಾಗೇವಾಡಿಯ ಎರೆಯ ಹಾಗೆಯೇ ಕಾಣುತ್ತದೆ. ಎರಡರ ಮೂಲವೂ ಜ್ವಾಲಾಮುಖಿಯೇ: ವಿಜಯಪುರ ಸೀಮೆಯ ಎರೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದು ಹೆಪ್ಪುಗಟ್ಟಿದ ಲಾವಾ ಕಲ್ಲು ಸವೆದು ಆದದ್ದು. ಕುರೊಬೊಕು ಕಳೆದ ಕೆಲವು ಸಾವಿರ ವರ್ಷಗಳಲ್ಲಿ ಗಾಳಿಯಲ್ಲಿ ಹಾರಿ ಬಿದ್ದ ಬೂದಿಯಿಂದ ಆದದ್ದು. ಆದರೆ ಕೈಗೆತ್ತಿಕೊಂಡ ಕೂಡಲೇ ಸಾಮ್ಯ ಮುಗಿಯುತ್ತದೆ. ಎರೆಮಣ್ಣು ಒದ್ದೆಯಾದರೆ ಬೆರಳಿಗೆ ಮೆತ್ತಿಕೊಂಡು ಬಿಡುವುದಿಲ್ಲ, ಒಣಗಿದರೆ ಕಲ್ಲಾಗಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಹಿಗ್ಗಿ ಕುಗ್ಗುವ ಜೇಡಿಯ ಗುಣ ಅದು. ಕುರೊಬೊಕು ಹಿಡಿದರೆ ಇದು ಮಣ್ಣೇ ಹೌದೇ ಎನ್ನಿಸುವಷ್ಟು ಹಗುರ. ಹಿಸುಕಿದರೆ ಉದುರುತ್ತದೆ, ಬಿರುಕು ಬಿಡುವುದಿಲ್ಲ, ಎಷ್ಟು ಮಳೆಯಾದರೂ ಕುಡಿದು ಇಂಗಿಸಿಕೊಳ್ಳುತ್ತದೆ.

ಬಣ್ಣದ ಕಾರಣವೂ ಬೇರೆಯೇ. ಎರೆ ಕಪ್ಪಾಗಿದ್ದರೂ ಅದರಲ್ಲಿ ಸಾವಯವ ಅಂಶ ಕಡಿಮೆ. ಹೊಲಕ್ಕೆ ತಿಪ್ಪೆಗೊಬ್ಬರ ಹೊತ್ತು ಹಾಕಿದ ನಿಮ್ಮ ಮನೆಯವರಿಗೆ ಇದು ಗೊತ್ತಿರುವ ವಿಷಯ. ಕುರೊಬೊಕು ಕಪ್ಪಾಗಿರುವುದು ಸಾವಿರಾರು ವರ್ಷ ಹುಲ್ಲು ಬೆಳೆದು, ಬೆಂದು, ಕೊಳೆತು ಸೇರಿದ ಸಾವಯವ ಅಂಶದಿಂದ. ಅದು ನೂರಕ್ಕೆ ಹತ್ತನ್ನು ಮೀರುವುದೂ ಉಂಟು. ಹಾಗಾದರೆ ಚಿನ್ನದಂಥ ಮಣ್ಣಲ್ಲವೆ ಎಂದು ತಂದೆಯವರು ಕೇಳಬಹುದು. ಅಲ್ಲ. ಆ ಮಣ್ಣು ಹುಳಿ, ಮತ್ತು ಅದರಲ್ಲಿರುವ ಅಲ್ಯೂಮಿನಿಯಂ ಹಾಕಿದ ರಂಜಕವನ್ನೆಲ್ಲ ಹಿಡಿದಿಟ್ಟುಕೊಂಡು ಬೆಳೆಗೆ ಕೊಡುವುದಿಲ್ಲ. ಬಾಗೇವಾಡಿಯ ಸುಣ್ಣದಂಶದ ಎರೆಯಲ್ಲಿಯೂ ರಂಜಕ ಸೆರೆಯಾಗುತ್ತದೆ, ಅಲ್ಲಿ ಅದನ್ನು ಹಿಡಿಯುವುದು ಕ್ಯಾಲ್ಸಿಯಂ. ಜಪಾನಿನ ರೈತರು ಸುಣ್ಣ ಮತ್ತು ಹೇರಳ ರಂಜಕ ಗೊಬ್ಬರ ಹಾಕಿ ಈ ಹೊಲಗಳನ್ನು ದಾರಿಗೆ ತಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದಕ್ಕೂ ಮೊದಲು ಇಲ್ಲಿ ಬೆಳೆಯುತ್ತಿದ್ದುದು ಕಿರುಧಾನ್ಯ, ಗಡ್ಡೆ, ದನದ ಮೇವು. ಭತ್ತವೆಲ್ಲ ನೀರು ಸಿಗುವ ಕಣಿವೆಯ ತಳಕ್ಕೆ ಸೀಮಿತವಾಗಿತ್ತು. ಜೋಳದ ಸೀಮೆಯಿಂದ ಬಂದವರು ಈ ಹೊಲಗಳನ್ನು ನೋಡುವಾಗ ಇದನ್ನು ಅವರಿಗೆ ಹೇಳಿ.

ಈ ಮಣ್ಣಿನ ಚರಿತ್ರೆಯನ್ನು ಊಟದ ತಟ್ಟೆಯಲ್ಲಿಯೇ ಕಾಣಬಹುದು. ತಕಮೊರಿಯ ಶಿಕಿಮಿ ಭಾಗದಲ್ಲಿ ತ್ಸುರುನೊಕೊ ಎಂಬ ಸಣ್ಣ ಕೆಸುವಿನ ಗಡ್ಡೆಯನ್ನು ಬೆಳೆಯುತ್ತಾರೆ. ಒಂದು ತುದಿ ಕೊಕ್ಕರೆಯ ಕೊರಳಿನಂತೆ ಬಾಗಿರುತ್ತದೆ. ಹಳೆಯ ಹುಲ್ಲುಮಾಡಿನ ಮನೆಗಳಲ್ಲಿ ನೆಲದ ನಡುವೆ ಚೌಕಾಕಾರದ ಒಲೆಗುಂಡಿ ಇರುತ್ತದೆ. ಅದರಲ್ಲಿ ಇದ್ದಿಲ ಕೆಂಡ, ಸುತ್ತ ಬೂದಿ. ಬಿದಿರ ಕಡ್ಡಿಗೆ ಚುಚ್ಚಿದ ಗಡ್ಡೆ, ತೋಫು (ಸೋಯಾ ಹಾಲಿನ ಗಟ್ಟಿ), ಕೊನ್ಯಾಕು (ಒಂದು ಬಗೆಯ ಗಡ್ಡೆಯ ಹಿಟ್ಟಿನಿಂದ ಮಾಡಿದ ಮೆತ್ತನೆಯ ತುಂಡು) ಇವುಗಳನ್ನು ಬೂದಿಯಲ್ಲಿ ನೆಟ್ಟು ಕೆಂಡದತ್ತ ಬಾಗಿಸಿ ನಿಲ್ಲಿಸುತ್ತಾರೆ; ಸುತ್ತ ಕುಳಿತವರೇ ಕಡ್ಡಿ ತಿರುಗಿಸುತ್ತ, ಮೈ ಕೆಂಪಗಾದ ಮೇಲೆ ಮಿಸೊ ಎಂಬ ಹುದುಗಿಸಿದ ಸೋಯಾ ಲೇಪ ಸವರಿ, ಮತ್ತೊಮ್ಮೆ ಕೆಂಡಕ್ಕೆ ಹಿಡಿದು ತಿನ್ನಬೇಕು. ದೆಂಗಾಕು ಎಂಬ ಈ ಊಟಕ್ಕಾಗಿಯೇ ತಕಮೊರಿಗೆ ಬರುವವರಿದ್ದಾರೆ. ಎಚ್ಚರಿಕೆ ಏನೆಂದರೆ, ಸಾಮಾನ್ಯವಾಗಿ ಅದರೊಂದಿಗೆ ಒಂದು ಹೊಳೆಮೀನನ್ನೂ ನೆಡುತ್ತಾರೆ, ಜೊತೆಗೆ ಬರುವ ಹಿಟ್ಟಿನ ಉಂಡೆಯ ಸಾರಿನಲ್ಲಿ ಮೀನಿನ ದಾಶಿ, ಅಂದರೆ ಮೀನಿನಿಂದ ತೆಗೆದ ತಿಳಿರಸ, ಇರುತ್ತದೆ, ಮಿಸೊ ಲೇಪಕ್ಕೂ ಅದನ್ನು ಬೆರೆಸಿರಬಹುದು. ಮೇಜು ಕಾದಿರಿಸುವಾಗಲೇ ‘ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ಬೇಡ; ಮೀನನ್ನು ಅದೇ ಒಲೆಯಲ್ಲಿ ಸುಡುವುದೂ ಬೇಡ’ ಎಂದು ಜಪಾನಿಯಲ್ಲಿ ಬರೆದು ಕಳಿಸಿ. ಲೇಪ ಅನುಮಾನವೆನಿಸಿದರೆ ಬರೀ ಉಪ್ಪು ಸವರಿ ಸುಟ್ಟ ಗಡ್ಡೆ, ತೋಫು, ಕಿರುಧಾನ್ಯ ಬೆರೆಸಿದ ಅನ್ನ ಕೇಳಿ. ಅದಕ್ಕೆ ಮನೆಯಿಂದ ತಂದ ಶೇಂಗಾ ಹಿಂಡಿ (ಚಟ್ನಿಪುಡಿ) ಸೇರಿದರೆ ಊಟ ಪೂರ್ಣ. ಹೊಗೆಯ ಬಗ್ಗೆಯೂ ವಿಚಾರಿಸಿ: ಇದ್ದಿಲಿನ ಒಲೆ ಅಷ್ಟಾಗಿ ಹೊಗೆಯಾಡದಿದ್ದರೂ ತಂದೆಯವರು ಬಾಗಿಲ ಬಳಿಯೇ ಕೂರಲಿ. ತಾಯಿಯವರಿಗೆ ನೆಲದ ಮೇಲೆ ಕೂರುವುದು ಕಷ್ಟವಾದ್ದರಿಂದ ಕುರ್ಚಿಯಿರುವ ಒಲೆಯನ್ನು ಮೊದಲೇ ಕೇಳಿಕೊಳ್ಳಿ.

ನೀರಿನ ವಿಷಯದಲ್ಲಿ ಎರಡು ಜಾಗಗಳನ್ನು ತಪ್ಪಿಸಬೇಡಿ. ಮಹಾಕುಳಿಯ ಅಂಚಿನಲ್ಲೂ ಶಿಖರಗಳಲ್ಲೂ ಬಿದ್ದ ಮಳೆ ಬೂದಿಮಣ್ಣಿನಲ್ಲಿ ಇಳಿದು ಕಣಿವೆಯ ತಳದಲ್ಲಿ ಬುಗ್ಗೆಗಳಾಗಿ ಏಳುತ್ತದೆ. ಅವುಗಳಲ್ಲಿ ಹೆಸರಾದದ್ದು ಪಕ್ಕದ ಮಿನಾಮಿ ಅಸೋ ಗ್ರಾಮದ ಶಿರಕಾವಾ ಬುಗ್ಗೆ. ನಿಮಿಷಕ್ಕೆ ಸುಮಾರು 60 ಟನ್ ನೀರು, ವರ್ಷವಿಡೀ 14 ಡಿಗ್ರಿಯ ಆಸುಪಾಸಿನ ತಂಪು. ದಂಡೆಯಲ್ಲಿ ನಿಂತು ಬಗ್ಗಿ ನೋಡಿದರೆ ನೀರು ಇದೆಯೋ ಇಲ್ಲವೋ ಎಂಬಷ್ಟು ತಿಳಿ. ತಳದ ಮರಳು ಅಲ್ಲಲ್ಲಿ ಉಕ್ಕುತ್ತ ಕುಣಿಯುವುದರಿಂದಷ್ಟೇ ನೀರು ಒಳಗಿನಿಂದ ಏಳುತ್ತಿರುವುದು ಗೊತ್ತಾಗುತ್ತದೆ. ಸೌಟುಗಳನ್ನು ಇಟ್ಟಿರುತ್ತಾರೆ, ಕುಡಿಯಬಹುದು, ಬಾಟಲಿಯಲ್ಲಿ ತುಂಬಿಕೊಳ್ಳಬಹುದು. ದಾರಿ ಸಮತಟ್ಟಾಗಿದೆ, ತಾಯಿಯವರಿಗೆ ತೊಂದರೆಯಿಲ್ಲ.

ಎರಡನೆಯದು ತಕಮೊರಿಯದೇ ಸುರಂಗ. ಇಲ್ಲಿಂದ ಆಗ್ನೇಯಕ್ಕೆ ತಕಾಚಿಹೊ ಎಂಬ ಊರಿನವರೆಗೆ ರೈಲು ಮಾರ್ಗ ಒಯ್ಯಲು ಬೆಟ್ಟ ಕೊರೆಯುತ್ತಿದ್ದಾಗ, 1975ರಲ್ಲಿ, ಸುಮಾರು ಎರಡು ಕಿಲೋಮೀಟರ್ ಒಳಗೆ ನೀರಿನ ಸೆಲೆಯೊಂದು ಒಡೆದು ಸುರಂಗವೆಲ್ಲ ಪ್ರವಾಹವಾಯಿತು. ಅದೇ ಹೊತ್ತಿಗೆ ಊರಿನ ಬುಗ್ಗೆಗಳು ಬತ್ತಿದವು. ಕಾಮಗಾರಿಯನ್ನು ಕೊನೆಗೆ ಕೈಬಿಟ್ಟರು. ರೈಲು ತಕಮೊರಿಯಲ್ಲಿಯೇ ನಿಂತುಹೋದದ್ದಕ್ಕೆ ಕಾರಣ ಇದು. ಇಂದಿಗೂ ಆ ಸುರಂಗದಿಂದ ನಿಮಿಷಕ್ಕೆ ಸುಮಾರು 32 ಟನ್ ನೀರು ಹರಿದು ಬರುತ್ತಿದೆ, ಊರು ಅದನ್ನೇ ಕುಡಿಯುತ್ತದೆ, ಒಳಗೆ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ನಡೆದು ನೋಡಲು ಉದ್ಯಾನವನ ಮಾಡಿದ್ದಾರೆ. ಪಕ್ಕದವರು ಕೊಳವೆಬಾವಿ ಕೊರೆಸಿದ್ದಕ್ಕೆ ತಮ್ಮ ಬಾವಿ ಬತ್ತಿದ್ದನ್ನು ಕಂಡ ಸೀಮೆಯ ರೈತರಿಗೆ ಈ ಸುರಂಗದಷ್ಟು ನೇರವಾಗಿ ಅರ್ಥವಾಗುವ ಪ್ರವಾಸಿ ತಾಣ ಜಪಾನಿನಲ್ಲಿ ಇನ್ನೊಂದಿದೆಯೆಂದು ನನಗೆ ಅನ್ನಿಸುವುದಿಲ್ಲ. ಒಳಗೆ ವರ್ಷವಿಡೀ 17 ಡಿಗ್ರಿ. ತೇವದ ಗಾಳಿ ತಂದೆಯವರಿಗೆ ಹಿಡಿಸದಿದ್ದರೆ ಅರ್ಧದಿಂದಲೇ ಹಿಂದಿರುಗಿ.

ಹುಲ್ಲುಗಾವಲು ನವೆಂಬರಿನಲ್ಲಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಅಸೋದ ಸುತ್ತ ಸುಮಾರು 22,000 ಹೆಕ್ಟೇರ್ ಹುಲ್ಲುಗಾವಲಿದೆ. ಅದು ತಾನಾಗಿ ಉಳಿದದ್ದಲ್ಲ: ಅಷ್ಟು ಮಳೆಯ ನಾಡಿನಲ್ಲಿ ಸುಮ್ಮನೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಕುರುಚಲು ಬೆಳೆದು ಕಾಡಾಗುತ್ತದೆ. ಹಳ್ಳಿಯವರು ಶರತ್ಕಾಲದಲ್ಲಿ ಅಂಚುಗುಂಟ ಹುಲ್ಲು ಸವರಿ ಬೆಂಕಿ ದಾಟದಂತೆ ತಡೆಪಟ್ಟಿ ಮಾಡಿಕೊಂಡು, ಫೆಬ್ರವರಿ ಕೊನೆಯಿಂದ ವಸಂತದವರೆಗೆ ಗಾಳಿ ನೋಡಿ ಇಡೀ ಗುಡ್ಡಕ್ಕೆ ಬೆಂಕಿ ಕೊಡುತ್ತಾರೆ. ಇಲ್ಲಿನ ಮೇಯುಗಾವಲಿನ ಉಲ್ಲೇಖ ಹತ್ತನೆಯ ಶತಮಾನದ ಸರ್ಕಾರಿ ಗ್ರಂಥದಲ್ಲಿಯೇ ಇದೆ. ಗಾವಲು ಇಂದಿಗೂ ಹಳ್ಳಿಯ ಸಂಘಗಳ ಸಾಮೂಹಿಕ ಹಕ್ಕಿನಲ್ಲಿದೆ, ನಮ್ಮ ಗೋಮಾಳಗಳು ಒತ್ತುವರಿಯಾಗಿ ಕರಗಿದ್ದನ್ನು ಕಂಡವರು ಇದನ್ನು ಗಮನಿಸದಿರಲಾರರು. ಆದರೂ ದನ ಕಟ್ಟುವವರು ಕಡಿಮೆಯಾಗಿ, ಬೆಂಕಿ ಕೊಡುವ ಕೈಗಳು ಮುಪ್ಪಾಗಿ, ನೂರು ವರ್ಷದ ಹಿಂದಿದ್ದ ಗಾವಲಿನ ಅರ್ಧವೂ ಈಗ ಉಳಿದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಇದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿದ್ದು ಈ ಶ್ರಮಕ್ಕಾಗಿ. ಅಲ್ಲಿ ಮೇಯುವ ಕೆಂಪು ದನಗಳು ಹಿಂದೆ ಗದ್ದೆ ಉಳುತ್ತಿದ್ದವು. ಈಗ ಅವುಗಳನ್ನು ಸಾಕುವುದು ಮಾಂಸಕ್ಕಾಗಿ. ಎತ್ತುಗಳನ್ನು ಮನೆಯವರೆಂದೇ ತಿಳಿದ ನಿಮ್ಮ ತಂದೆ-ತಾಯಿಗೆ ಇದನ್ನು ಮುಂಚಿತವಾಗಿ, ನೇರವಾಗಿ ಹೇಳುವುದು ಒಳ್ಳೆಯದು. ಅಂಗಡಿಯ ಫಲಕದಿಂದ ಹಠಾತ್ತನೆ ತಿಳಿಯುವುದು ಬೇಡ.

ಹೊಲ-ಮನೆ ನೋಡುವ ಆಸೆಗೆ ಸುಲಭದ ದಾರಿಯೆಂದರೆ ಮಿನಾಮಿ ಅಸೋ ಗ್ರಾಮದ ಕುಗಿನೊದ ರಸ್ತೆಬದಿ ನಿಲ್ದಾಣದ ತರಕಾರಿ ಮಳಿಗೆ. ಇಂಥ ಮಳಿಗೆಗಳಲ್ಲಿ ಸುತ್ತಲ ರೈತರು ಬೆಳಿಗ್ಗೆ ತಾವೇ ಸರಕು ತಂದು, ತಾವೇ ಬೆಲೆ ಹಾಕಿ, ತಮ್ಮ ಹೆಸರಿನ ಚೀಟಿ ಅಂಟಿಸಿ ಇಡುತ್ತಾರೆ. ಬೆಳಿಗ್ಗೆ ಬೇಗ ಹೋದರೆ ಅವರೇ ಸಿಗುತ್ತಾರೆ, ನೀವು ದುಭಾಷಿಯಾದರೆ ಮಾತಿಗೆ ಮಾತು ಬೆಳೆಯುತ್ತದೆ. ಗದ್ದೆಯ ಬದುವಿನ ಮೇಲೂ ಮುಳ್ಳುತಂತಿಯ ಗಾವಲಿನೊಳಗೂ ಅಪ್ಪಣೆಯಿಲ್ಲದೆ ಇಳಿಯಬೇಡಿ. ಇದು ಸೌಜನ್ಯದ ಮಾತಷ್ಟೇ ಅಲ್ಲ. 2010ರಲ್ಲಿ ಪಕ್ಕದ ಮಿಯಜಾಕಿ ಪ್ರಾಂತ್ಯದಲ್ಲಿ ಕಾಲುಬಾಯಿ ಬೇನೆ ಹರಡಿ ಸುಮಾರು 2,90,000 ದನ-ಹಂದಿಗಳನ್ನು ಕೊಲ್ಲಬೇಕಾಯಿತು. ಆ ಭಯ ಅಲ್ಲಿಯವರಲ್ಲಿ ಇನ್ನೂ ಹೋಗಿಲ್ಲ. ನಮ್ಮಲ್ಲಿ ಆ ಬೇನೆ ಇದೆ, ನಿಮ್ಮ ಮನೆಯಲ್ಲಿ ದನಗಳಿರಬಹುದು. ಆದ್ದರಿಂದ ಹಟ್ಟಿಯಲ್ಲಿ ತುಳಿದ ಚಪ್ಪಲಿಯನ್ನು ಊರಲ್ಲಿಯೇ ಬಿಟ್ಟು, ತೊಳೆದ ಬಟ್ಟೆ, ಹೊಸ ಪಾದರಕ್ಷೆಯಲ್ಲಿ ಬರಲಿ. ವಿಮಾನ ನಿಲ್ದಾಣದಲ್ಲಿ ಪ್ರಾಣಿ ಸಂಸರ್ಗ ನಿಷೇಧ ವಿಭಾಗದವರಿಗೆ ತಾವು ದನ ಸಾಕುವವರೆಂದು ತಾವಾಗಿಯೇ ತಿಳಿಸಲಿ.

ಉಳಿಯುವ ಮನೆಯಲ್ಲಿ ಮಂಚದ ಕೋಣೆ ಕೇಳಿ, ನೆಲಹಾಸಿಗೆಯಿಂದ ಏಳುವುದು ತಾಯಿಯವರಿಗೆ ಶಿಕ್ಷೆಯಾಗುತ್ತದೆ. ಊರು ಎತ್ತರದಲ್ಲಿರುವುದರಿಂದ ನವೆಂಬರ್ ರಾತ್ರಿಗಳು ಐದು ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು; ಉಣ್ಣೆಯ ಒಳ ಅಂಗಿ, ಕಿವಿ ಮುಚ್ಚುವ ಟೋಪಿ ಬೇಕು. ಬಿಸಿನೀರಿನ ಸ್ನಾನ ಮೊಣಕಾಲಿಗೆ ಹಿತ, ಅನ್ಯರೊಂದಿಗೆ ಸಂಕೋಚವಾದರೆ ಒಂದು ಮನೆಯವರಿಗೇ ಗಂಟೆಗಿಷ್ಟೆಂದು ಕೊಡುವ ಕುಟುಂಬ ಸ್ನಾನಗೃಹಗಳು ಕುಮಾಮೊತೊ ಪ್ರಾಂತ್ಯದಲ್ಲಿ ಬಹಳ ಇವೆ. ಗಂಧಕದ ಹಬೆ ಏಳುವ ಬೆಟ್ಟದ ಮೇಲಿನ ಸ್ನಾನಗಳನ್ನು ತಂದೆಯವರ ಕಾರಣಕ್ಕೆ ಬಿಡಿ. ತಕಮೊರಿಯ ಕಾಮಿಶಿಕಿಮಿ ಭಾಗದ ಕಾಡಿನೊಳಗಿನ ದೇಗುಲ ಚೆಂದವೆಂದು ಎಲ್ಲರೂ ಹೇಳುವರು, ನಿಜ; ಆದರೆ ಪಾಚಿಗಟ್ಟಿದ ನೂರಾರು ಕಲ್ಲುಮೆಟ್ಟಿಲುಗಳಿವೆ, ಕೆಳಗಿನ ದ್ವಾರದಿಂದ ಕೈಮುಗಿದರೆ ಸಾಕು.

ಬರುವಾಗ ಕಟಕ ರೊಟ್ಟಿ, ಹಿಂಡಿಗಳು ಬರಲಿ. ಹಸಿ ಕರಿಬೇವು, ತಾಜಾ ಹಣ್ಣು-ತರಕಾರಿ, ಬಿತ್ತುವ ಬೀಜಗಳು ಬೇಡ. ಮರಳುವಾಗಲೂ ಇದೇ ಮಾತು: ಒಂದು ಹಿಡಿ ಕುರೊಬೊಕುವನ್ನೋ ನಾಲ್ಕು ತ್ಸುರುನೊಕೊ ಗಡ್ಡೆಗಳನ್ನೋ ಹೊಲದಲ್ಲಿ ಹಾಕಿ ನೋಡೋಣವೆಂದು ತಂದೆಯವರು ಕಟ್ಟಿಕೊಳ್ಳಲು ಹೊರಟರೆ ತಡೆಯಿರಿ. ಅನುಮತಿಯಿಲ್ಲದೆ ಮಣ್ಣನ್ನಾಗಲಿ ನಾಟಿಯ ಗಡ್ಡೆಯನ್ನಾಗಲಿ ಭಾರತದೊಳಗೆ ತರುವಂತಿಲ್ಲ.